ಕ್ರೈಸ್ತರೆಂಬ ಹೆಸರು



ಕಾಲೇಜು ತೆರೆಯುವ ದಿನಗಳಲ್ಲಿ ಉಪಾಧ್ಯಾಯರಾದ ನಮಗೆ ಪಾಠ ಹೇಳುವ ಕೆಲಸಕ್ಕಿಂತ ಅರ್ಜಿಗಳನ್ನು ನೋಡುವ ಕೆಲಸವೇ ಹೆಚ್ಚಾಗಿರುವುದು. ಕೆಲವು ವರ್ಷಗಳ ಹಿಂದೆ ಅಂಥದೊಂದು ದಿನ ಒಬ್ಬ ಹುಡುಗನ ಅರ್ಜಿ ನನ್ನ ಕೈಗೆ ಬಂದಿತು. 'ಮತ' ಎಂಬ ಕಲಮಿನಲ್ಲಿ ಆತನು 'ಕ್ರೈಸ್ತ' ಎಂದು ಬರೆದಿದ್ದನು. ಅದರ ಕೆಳಗಣ 'ಪಂಗಡ' ಎಂಬ ಕಲಮು ಖಾಲಿಯಾಗಿದ್ದಿತು. ತುಂಬಿಸಿಕೊಂಡು ಬಾ ಎಂದು ಗುಮಾಸ್ತರು ಎರಡು ಸಾರಿ ಹಿಂದಕ್ಕೆ ಕಳುಹಿಸಿದ್ದರು. ಎರಡು ಸಾರಿಯೂ ಆತನು ಅದನ್ನು ಹಾಗೆಯೇ ತಂದಿದ್ದನು. ಮೂರನೆಯ ಸಾರಿ ನನ್ನ ಮೇಜಿನ ಮುಂದೆ ನಿಂತು, "ಸಾರ್, ನಮ್ಮ ತಂದೆಯವರು ಒಂದು ಸಭೆಯವರು, ತಾಯಿಯವರು ಇನ್ನೊಂದು ಸಭೆಯಿಂದ ಬಂದವರು. ಮನೆಯಲ್ಲಿ ಈ ಮಾತೆತ್ತಿದರೆ ಆ ಹೊತ್ತಿನ ಊಟ ಕೆಟ್ಟಿತೆಂದೇ ತಿಳಿಯಬೇಕು. ಮೇಲೆ ಬರೆದಿರುವುದು ಸಾಲದೆ?" ಎಂದನು.

ಸಾಲದೆ ಎಂಬ ಆ ಪ್ರಶ್ನೆಗೆ ನಾನು ಅಂದು ಕೊಟ್ಟ ಉತ್ತರ ಉಪಾಧ್ಯಾಯನಿಗೆ ತಕ್ಕುದಾಗಿರಲಿಲ್ಲ. "ನಿಯಮವಿದೆಯಪ್ಪ, ಏನನ್ನಾದರೂ ಬರೆ" ಎಂದುಬಿಟ್ಟೆನು. ಆತನು ಬರೆದನು, ಏನು ಬರೆದನೆಂಬುದನ್ನು ಆಮೇಲೆ ಹೇಳುವೆನು. ಪ್ರಶ್ನೆಯು ಮಾತ್ರ ನನ್ನಲ್ಲಿಯೇ ಉಳಿಯಿತು. ಅದನ್ನೇ ಈ ಸಂಜೆ ತಮ್ಮ ಮುಂದಿಡುವೆನು: ಕ್ರಿಸ್ತನನ್ನು ಅನುಸರಿಸುವವರು ಯಾವ ಹೆಸರನ್ನು ಹೊರಬೇಕು? ಅವರ ಸಭೆಗಳಿಗೆ ಯಾವ ಹೆಸರು ಸಲ್ಲುವುದು?

ನಾನು ಆ ಮತಕ್ಕೆ ಸೇರಿದವನಲ್ಲ. ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತು, ಯೂರೋಪಿನ ಚರಿತ್ರೆಯನ್ನು ಬೋಧಿಸಿ ಹೊಟ್ಟೆ ಹೊರೆಯುವವನು. ಒಂದು ಮತದವರು ತಮ್ಮನ್ನು ಏನೆಂದು ಕರೆದುಕೊಳ್ಳಬೇಕೆಂದು ಹೊರಗಿನವನೊಬ್ಬನು ಹೇಳಹೊರಡುವುದು ಅಧಿಕಪ್ರಸಂಗವೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಈ ವಿಷಯದಲ್ಲಿ ಹೊರಗಿನವರಿಗೂ ಒಂದು ಬಗೆಯ ಹಕ್ಕು ಉಂಟು. ಬಹುಮಂದಿ ವಿದ್ವಾಂಸರ ಅಭಿಪ್ರಾಯದಂತೆ, ಆ ಹೆಸರನ್ನು ಮೊದಲು ಇಟ್ಟವರೇ ಹೊರಗಿನವರು.

ಸಿರಿಯಾ ಪ್ರಾಂತದಲ್ಲಿ ಒರೊಂತಿಸ್ ನದಿಯ ದಡದ ಮೇಲೆ ಅಂತಿಯೋಕ್ಯವೆಂಬ ಮಹಾನಗರವಿದ್ದಿತು. ಇಂದು ಅದು ತುರ್ಕಿ ದೇಶದ ಅಂತಾಕ್ಯ. ರೋಮನ್ ಚಕ್ರಾಧಿಪತ್ಯದಲ್ಲಿ ರೋಮು, ಅಲೆಕ್ಸಾಂಡ್ರಿಯಾಗಳ ತರುವಾಯ ಹೆಸರು ಹೇಳತಕ್ಕ ಪಟ್ಟಣ. ಯೇಸುವಿನ ಶಿಷ್ಯರು ಅದುವರೆಗೆ ಬಹುಮಟ್ಟಿಗೆ ಯೆಹೂದ್ಯರು. ಆದಕಾರಣ ನೋಡುವವರ ಕಣ್ಣಿಗೆ ಯೆಹೂದ್ಯರೊಳಗಿನ ಒಂದು ಗುಂಪು. ಅಂತಿಯೋಕ್ಯದಲ್ಲಿ ಗ್ರೀಕರೂ ಆ ಗುಂಪಿಗೆ ಸೇರತೊಡಗಿದರು. ಯೆಹೂದ್ಯರೂ ಗ್ರೀಕರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಜನವನ್ನು ಹಳೆಯ ಹೆಸರಿನಿಂದ ಕರೆಯುವುದು ಹೇಗೆ? ಊರಿನವರು ಹೊಸ ಹೆಸರನ್ನು ಕಟ್ಟಿದರು. ಶಿಷ್ಯರನ್ನು ಕ್ರೈಸ್ತರೆಂದು ಮೊದಲು ಕರೆದದ್ದು ಅಲ್ಲಿಯೇ ಎಂದು ಅಪೊಸ್ತಲರ ಕೃತ್ಯಗಳೆಂಬ ಗ್ರಂಥವು ಒಂದೇ ಮಾತಿನಲ್ಲಿ ತಿಳಿಸುವುದು. ಯೆಹೂದ್ಯರು ಈ ಹೆಸರನ್ನು ಇಟ್ಟಿರಲಾರರು. 'ಕ್ರಿಸ್ತ' ಎಂದರೆ ಅಭಿಷಿಕ್ತನು, ಅವರು ಎದುರು ನೋಡುತ್ತಿದ್ದ ಮೆಸ್ಸೀಯನು. ಆ ಬಿರುದನ್ನು ಯೇಸುವಿನ ಕಡೆಯವರಿಗೆ ಕೊಟ್ಟರೆ ವಾದವನ್ನೇ ಬಿಟ್ಟುಕೊಟ್ಟ ಹಾಗೆ. ಬಿರುದನ್ನು ಅಂಕಿತನಾಮವೆಂದು ತಪ್ಪು ತಿಳಿದ ಗ್ರೀಕ್ ಸಂತೆಬೀದಿಯ ಜನರು ಇದನ್ನು ಕಟ್ಟಿರಬೇಕು.

ಶಬ್ದದ ರಚನೆಯೂ ಇದಕ್ಕೆ ಸಾಕ್ಷಿ. ಗ್ರೀಕಿನಲ್ಲಿ ಅದರ ರೂಪ 'ಕ್ರಿಸ್ತಿಯಾನೊಸ್'. ಕೊನೆಯ ಪ್ರತ್ಯಯವು ಲ್ಯಾಟಿನ್ ಭಾಷೆಯಿಂದ ಬಂದದ್ದು. ಒಬ್ಬ ನಾಯಕನ ಪಕ್ಷದವರು, ಒಬ್ಬ ಒಡೆಯನ ಮನೆಯವರು ಎಂಬ ಅರ್ಥದಲ್ಲಿ ಅದನ್ನು ಹಚ್ಚುತ್ತಿದ್ದರು. ಹೆರೋದನ ಪಕ್ಷದವರಿಗೆ ಹೆರೋದಿಯರೆಂಬ ಹೆಸರು ಬಂದದ್ದು ಹೀಗೆಯೇ. ಅಂದಮೇಲೆ ಆ ಹೆಸರಿನ ಮೊದಲ ಅರ್ಥ 'ಕ್ರಿಸ್ತನ ಕಡೆಯವರು' ಎಂಬಷ್ಟೇ; ಅದನ್ನು ಆಡಿದವರ ಬಾಯಲ್ಲಿ ಸ್ವಲ್ಪ ಹಾಸ್ಯವೂ ಇದ್ದಿರಬಹುದು. ಅದೇ ಶಬ್ದವು ಕನ್ನಡಕ್ಕೆ ಬಂದಾಗ ಏನಾಯಿತೆಂಬುದು ಗಮನಿಸತಕ್ಕದ್ದು. ಶಿವನಿಂದ ಶೈವ, ವಿಷ್ಣುವಿನಿಂದ ವೈಷ್ಣವ, ಜಿನನಿಂದ ಜೈನ, ಬುದ್ಧನಿಂದ ಬೌದ್ಧ; ಹಾಗೆಯೇ ಕ್ರಿಸ್ತನಿಂದ ಕ್ರೈಸ್ತ. ಆದಿಸ್ವರಕ್ಕೆ ವೃದ್ಧಿ ಬಂದು, ಪರದೇಶದ ಅಡ್ಡಹೆಸರು ಸಂಸ್ಕೃತದ ತದ್ಧಿತಾಂತಗಳ ಪಂಕ್ತಿಯಲ್ಲಿ ಗೌರವದಿಂದ ಕುಳಿತುಬಿಟ್ಟಿತು. ಹಳ್ಳಿಯವರ ಬಾಯಲ್ಲಿ ಮಾತ್ರ ಅದು 'ಕಿರಿಸ್ತಾನ' ಆಯಿತು. ಆ ಮಾತನ್ನು ಕೆಲವರು ಬರಿಯ ರೂಢಿಯಿಂದಲೂ, ಕೆಲವರು ಮೂಗು ಮುರಿದೂ ಆಡುವುದನ್ನು ನಾವೆಲ್ಲರೂ ಕೇಳಿರುವೆವು. ಅಂತಿಯೋಕ್ಯದಲ್ಲಿ ಆ ಶಬ್ದ ಹೇಗೆ ಕೇಳಿಸಿರಬಹುದೆಂದು ತಿಳಿಯಬೇಕಾದವರು 'ಕ್ರೈಸ್ತ' ಎಂಬ ಮಡಿಯ ಮಾತನ್ನು ಬಿಟ್ಟು ಇದನ್ನೇ ನೆನೆಯುವುದು ಲೇಸು.

ಹೊಸ ಒಡಂಬಡಿಕೆಯಷ್ಟು ದೊಡ್ಡ ಗ್ರಂಥದಲ್ಲಿ ಈ ಹೆಸರು ಕಾಣುವುದು ಮೂರೇ ಕಡೆ. ಒಂದನ್ನು ಹೇಳಿದೆನು. ಇನ್ನೊಂದು ಅಗ್ರಿಪ್ಪ ರಾಜನು ಪೌಲನೊಡನೆ ಅರ್ಧ ಪರಿಹಾಸದಿಂದ ಆಡಿದ ಮಾತಿನಲ್ಲಿ. ಮೂರನೆಯದು ಪೇತ್ರನ ಪತ್ರದಲ್ಲಿ. ಅಲ್ಲಿ ಆ ಹೆಸರಿಗಾಗಿ ಕಷ್ಟ ಬಂದರೆ ನಾಚಬೇಡಿರೆಂಬ ಬುದ್ಧಿವಾದವಿದೆ. ಅವರು ತಮ್ಮೊಳಗೆ ಕರೆದುಕೊಳ್ಳುತ್ತಿದ್ದ ಹೆಸರುಗಳೇ ಬೇರೆ: ಸಹೋದರರು, ಶಿಷ್ಯರು, ದೇವಜನರು, ನಂಬಿದವರು. ಇವೆಲ್ಲಕ್ಕಿಂತಲೂ ನನಗೆ ಹಿಡಿಸಿದ ಹೆಸರು 'ಮಾರ್ಗ'. ಜ್ಞಾನಮಾರ್ಗ, ಭಕ್ತಿಮಾರ್ಗಗಳೆಂದು ಕೇಳಿ ಬೆಳೆದ ನಮಗೆ ಇದು ಹೊಸದೆನಿಸದು. ತೆರ್ತುಲ್ಲನೆಂಬ ವಕೀಲನು ರೋಮನ್ ಅಧಿಪತಿಯ ಮುಂದೆ ಪೌಲನ ಮೇಲೆ ದೂರು ಹೇಳುತ್ತ, ಈತನು ನಜರೇನರ ಪಂಗಡದ ಮುಂದಾಳು ಎಂದನು. ಪೌಲನು ತನ್ನ ಉತ್ತರದಲ್ಲಿ ತಾನು ನಡೆಯುವುದು ಮಾರ್ಗವೆಂದೂ, ಅದನ್ನು ಪಂಗಡವೆನ್ನುವವರು ಅವರೆಂದೂ ತಿದ್ದಿದನು. ನಮ್ಮ ಅರ್ಜಿಯ ಎರಡನೆಯ ಕಲಮು ಆ ನ್ಯಾಯಸ್ಥಾನದಲ್ಲಿಯೇ ಹುಟ್ಟಿತೆಂದು ನಾನು ಒಮ್ಮೊಮ್ಮೆ ವಿನೋದಕ್ಕಾಗಿ ಹೇಳುವುದುಂಟು.

ಅಡ್ಡಹೆಸರು ಒಪ್ಪಿದ ಹೆಸರಾದದ್ದು ಹೇಗೆ? ದಂಡನೆಯಿಂದ. ಕ್ರಿ. ಶ. ೬೪ರಲ್ಲಿ ರೋಮ್ ನಗರ ಬೆಂದಾಗ ನೀರೋ ಚಕ್ರವರ್ತಿಯು ಅಪವಾದವನ್ನು ಇವರ ಮೇಲೆ ಹೊರಿಸಿದುದನ್ನು ತಾವೆಲ್ಲರೂ ಬಲ್ಲಿರಿ. ನನ್ನ ವಿಷಯಕ್ಕೆ ಅದಕ್ಕಿಂತ ಮುಖ್ಯವಾದದ್ದು ಸುಮಾರು ೧೧೨ರಲ್ಲಿ ಬರೆದ ಒಂದು ಸರಕಾರೀ ಕಾಗದ. ಕಪ್ಪು ಸಮುದ್ರದ ತೀರದ ಬಿಥೂನಿಯ ಪ್ರಾಂತಕ್ಕೆ ಪ್ಲಿನಿ ಎಂಬ ವಿದ್ಯಾವಂತನು ಅಧಿಪತಿಯಾಗಿದ್ದನು. ಆತನು ತ್ರಾಜನ್ ಚಕ್ರವರ್ತಿಗೆ ಹೀಗೊಂದು ಸಂದೇಹವನ್ನು ಬರೆದು ಕೇಳಿದನು: ಈ ಜನರನ್ನು ದಂಡಿಸತಕ್ಕದ್ದು ಅಪರಾಧಗಳೇನಾದರೂ ಇದ್ದರೆ ಅವುಗಳಿಗಾಗಿಯೋ, ಅಪರಾಧವೇನೂ ಇಲ್ಲದಿದ್ದರೂ ಬರಿಯ ಹೆಸರಿಗಾಗಿಯೋ? ಆತನೇ ನಡೆಸಿದ ವಿಚಾರಣೆಯಲ್ಲಿ ಕಂಡದ್ದು ಇಷ್ಟು: ಗೊತ್ತಾದ ದಿನ ಬೆಳಗಾಗುವುದಕ್ಕೆ ಮುಂಚೆ ಕೂಡುವರು, ಕ್ರಿಸ್ತನನ್ನು ದೇವರೆಂದು ಹಾಡುವರು, ಕದಿಯುವುದಿಲ್ಲ, ವ್ಯಭಿಚರಿಸುವುದಿಲ್ಲ, ಮಾತಿಗೆ ತಪ್ಪುವುದಿಲ್ಲವೆಂದು ಆಣೆಯಿಡುವರು. ಚಕ್ರವರ್ತಿಯ ಉತ್ತರವು ಆಡಳಿತಗಾರನ ಉತ್ತರ. ಹುಡುಕಿಕೊಂಡು ಹೋಗಬೇಡ, ಯಾರಾದರೂ ತಂದೊಪ್ಪಿಸಿ ರುಜುವಾತಾದರೆ ದಂಡಿಸು, ನಾನು ಅವನಲ್ಲವೆಂದು ನಮ್ಮ ದೇವತೆಗಳನ್ನು ಪೂಜಿಸಿದರೆ ಬಿಟ್ಟುಬಿಡು. ನಿರಪರಾಧಿಗಳೆಂದು ಹುಡುಕಬಾರದು, ಅಪರಾಧಿಗಳೆಂದು ಶಿಕ್ಷಿಸಬೇಕು, ಇದೆಂಥ ನ್ಯಾಯ ಎಂದು ತೆರ್ತುಲಿಯನನು ಮುಂದೆ ೧೯೭ರಲ್ಲಿ ಹಾಸ್ಯಮಾಡಿದನು. ನೀವು ನಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಲ್ಲವರಲ್ಲ, 'ಕ್ರೆಸ್ತಿಯಾನುಸ್' ಎನ್ನುವಿರಿ, ಆ ತಪ್ಪು ಮಾತಿಗೂ ಒಳ್ಳೆಯತನವೆಂಬ ಅರ್ಥವೇ ಬರುವುದು, ಎಂದೂ ಸೇರಿಸಿದನು. ತೆರ್ತುಲ್ಲನೂ ತೆರ್ತುಲಿಯನನೂ ಬೇರೆ ಬೇರೆ ಜನರೆಂಬುದು ತಮ್ಮ ಗಮನದಲ್ಲಿರಲಿ.

೧೭೭ರಲ್ಲಿ ಗಾಲ್ ದೇಶದ ಲಿಯೊನ್ಸ್ ಪಟ್ಟಣದಲ್ಲಿ ನಡೆದದ್ದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಲ್ಲಿಯ ಸಭೆಯವರು ಏಷ್ಯಾದ ಸಹೋದರರಿಗೆ ಬರೆದ ಪತ್ರವನ್ನು ಚರಿತ್ರಕಾರ ಯೂಸೇಬಿಯಸನು ಉಳಿಸಿಕೊಟ್ಟಿರುವನು. ಸಾಂಕ್ತಸ್ ಎಂಬ ಸಭಾಸೇವಕನನ್ನು ಹಿಂಸೆಗೆ ಗುರಿಮಾಡಿ ಅಧಿಕಾರಿಗಳು ಪ್ರಶ್ನಿಸಿದರು. ಹೆಸರೇನು ಎಂದರು. ಕ್ರೈಸ್ತನು ಎಂದನು. ಯಾವ ಕುಲ ಎಂದರು. ಕ್ರೈಸ್ತನು. ಯಾವ ಊರು? ದಾಸನೋ ಸ್ವತಂತ್ರನೋ? ಪ್ರತಿಯೊಂದಕ್ಕೂ ಲ್ಯಾಟಿನ್ ಭಾಷೆಯಲ್ಲಿ ಆ ಒಂದೇ ಉತ್ತರ. ಬೆಂಕಿಯಲ್ಲಿ ಕಾಯಿಸಿದ ಹಿತ್ತಾಳೆಯ ತಗಡುಗಳನ್ನು ಮೈಗೆ ಒತ್ತಿದರೂ ಬೇರೊಂದು ಮಾತು ಹೊರಡಲಿಲ್ಲವಂತೆ. ಅದೇ ಕಾಲದಲ್ಲಿ ಬ್ಲಾಂದಿನಾ ಎಂಬ ದಾಸಿಯೂ ಅದೇ ಉತ್ತರವನ್ನು ಕೊಟ್ಟು ಸತ್ತಳು. ರೋಮನ್ ಕಾಯಿದೆಯಲ್ಲಿ ಮನುಷ್ಯನಿಗೆ ಬೆಲೆ ಕಟ್ಟುತ್ತಿದ್ದದ್ದು ಆ ಪ್ರಶ್ನೆಗಳ ಉತ್ತರದಿಂದಲೇ: ಹೆಸರು, ಕುಲ, ಊರು, ದಾಸ್ಯ ಅಥವಾ ಸ್ವಾತಂತ್ರ್ಯ. ಆ ಕಲಮುಗಳನ್ನೆಲ್ಲ ಒಂದೇ ಶಬ್ದದಿಂದ ತುಂಬಿದ ಮೇಲೆ ದಾಸಿಗೂ ಪೌರನಿಗೂ ಅಂತರವೆಲ್ಲಿ ಉಳಿಯಿತು? ಬೀದಿಯ ಜನರು ಕಟ್ಟಿದ ಅಡ್ಡಹೆಸರಿಗೆ ಈ ತೂಕವನ್ನು ಕೊಟ್ಟವರು ಇಂಥವರು.

ಇದರ ಬೆಲೆಯನ್ನು ಚೆನ್ನಾಗಿ ಅರಿತಿದ್ದವನು ಆ ಮತವನ್ನು ಬಿಟ್ಟುಹೋದ ಜೂಲಿಯನ್ ಚಕ್ರವರ್ತಿ. ೩೬೧ರಿಂದ ೩೬೩ರವರೆಗೆ ಆಳಿದ ಆತನು ತನ್ನ ಬರಹದಲ್ಲಿ ಅವರನ್ನು ಹಟದಿಂದ 'ಗಲಿಲಾಯದವರು' ಎಂದೇ ಕರೆದನು. ಲೋಕಕ್ಕೆಲ್ಲ ಗುರುವೆಂಬ ಬಿರುದನ್ನು ಅಳಿಸಿ, ಒಂದು ಮೂಲೆಯ ಜಿಲ್ಲೆಯ ಜನರೆಂದು ಕಾಣಿಸಬೇಕೆಂಬುದು ಆತನ ಉದ್ದೇಶ.

ಅಷ್ಟರಲ್ಲಿ ಕಾಲ ಮಗುಚಿತ್ತು. ಪ್ಲಿನಿಯ ಕಾಗದದಲ್ಲಿ ದಂಡಾರ್ಹವಾಗಿದ್ದ ಹೆಸರು ೩೮೦ನೆಯ ಇಸವಿಯಲ್ಲಿ ಥಿಯೊದೋಸಿಯಸ್ ಚಕ್ರವರ್ತಿಯ ಶಾಸನದಿಂದ ಕೊಡತಕ್ಕ ಹೆಸರಾಯಿತು. ತಾನು ಹೇಳಿದ ನಂಬಿಕೆಯನ್ನು ಒಪ್ಪುವವರು ಕಥೋಲಿಕ ಕ್ರೈಸ್ತರೆಂಬ ಹೆಸರನ್ನು ಧರಿಸಲಿ. ಉಳಿದವರು ಪಾಷಂಡಿಗಳು, ಅವರು ಕೂಡುವ ಸ್ಥಳಗಳಿಗೆ ಸಭೆಯೆಂಬ ಹೆಸರು ಕೂಡದು, ಎಂದು ಆತನು ವಿಧಿಸಿದನು. ಹೆಸರು ಹೊತ್ತದ್ದಕ್ಕೆ ಶಿಕ್ಷೆ ಹಿಂದೆ. ಹೆಸರು ಕಿತ್ತುಕೊಳ್ಳುವ ಶಿಕ್ಷೆ ಈಗ. ಈ ಎರಡು ಕಾಗದಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಎರಡನೆಯದು.

ಸಭೆಯೆಂಬ ಮಾತು ಬಂದಿತಲ್ಲವೆ? ಅದನ್ನು ಕುರಿತು ಒಂದೆರಡು ಮಾತು. ಗ್ರೀಕರಲ್ಲಿ 'ಎಕ್ಲೇಸಿಯ' ಎಂದರೆ ಪಟ್ಟಣದ ಪೌರರು ಕರೆಯಿಸಿಕೊಂಡು ಕೂಡುವ ಕೂಟ. ಶಿಷ್ಯರು ದೇವಾಲಯಕ್ಕೆ ಸಲ್ಲುವ ಮಾತನ್ನು ಬಿಟ್ಟು ಈ ನಗರಸಭೆಯ ಮಾತನ್ನೇ ತೆಗೆದುಕೊಂಡರು. ಅದು ಲ್ಯಾಟಿನಿನ ಮೂಲಕ ಪೋರ್ಚುಗೀಸರಿಗೆ ಬಂದು, ಅವರ ಹಡಗಿನಲ್ಲಿ ಗೋವೆಗೂ ಮಂಗಳೂರಿಗೂ ಇಳಿದು, 'ಇಗರ್ಜಿ' ಆಯಿತು. ಇಂಗ್ಲಿಷಿನ 'ಚರ್ಚು' ಬೇರೊಂದು ಗ್ರೀಕ್ ಶಬ್ದದಿಂದ ಹುಟ್ಟಿದ್ದು. ಅದರರ್ಥ ಒಡೆಯನಿಗೆ ಸೇರಿದ್ದು. ಕನ್ನಡ ಬೈಬಲಿನ ಭಾಷಾಂತರಕಾರರು ಇವೆರಡನ್ನೂ ಬಿಟ್ಟು 'ಸಭೆ' ಎಂಬ ಮಾತನ್ನು ಹಿಡಿದರು. ಇದು ಒಳ್ಳೆಯ ಆಯ್ಕೆಯೆಂದು ನನ್ನ ಅಭಿಪ್ರಾಯ. ಕಟ್ಟಡವು ಹಿಂದೆ ಸರಿದು ಜನರು ಮುಂದೆ ಬರುವರು. ಇಂಗ್ಲೆಂಡಿನಲ್ಲಿ ಇಂಥದೇ ಆಯ್ಕೆ ಅಪಾಯಕ್ಕೆ ಕಾರಣವಾಯಿತು. ವಿಲಿಯಂ ಟಿಂಡೆಲನು ೧೫೨೬ರ ತನ್ನ ಭಾಷಾಂತರದಲ್ಲಿ ಚರ್ಚೆಂಬ ಮಾತಿಗೆ ಬದಲಾಗಿ ಜನರ ಕೂಟವೆಂಬ ಅರ್ಥದ ಶಬ್ದವನ್ನು ಹಾಕಿದನು. ಸರ್ ತಾಮಸ್ ಮೋರನು ಇದನ್ನೇ ಮುಂದೆಮಾಡಿ ಆತನ ಗ್ರಂಥವನ್ನು ಖಂಡಿಸಿದನು. ಟಿಂಡೆಲನನ್ನು ೧೫೩೬ರಲ್ಲಿ ಪಾಷಂಡಿಯೆಂದು ಕೊಂದರು. ೧೬೧೧ರ ರಾಜಾಜ್ಞೆಯ ಬೈಬಲಿಗೆ ಹಾಕಿಕೊಟ್ಟ ನಿಯಮಗಳಲ್ಲಿ, ಚರ್ಚೆಂಬ ಹಳೆಯ ಮಾತನ್ನೇ ಉಳಿಸಬೇಕೆಂಬುದೂ ಒಂದು.

ಆ ಮೊದಲ ಸಭೆಗಳಿಗೆ ಅಂಕಿತನಾಮವೇ ಇರಲಿಲ್ಲ. ಕೊರಿಂಥದಲ್ಲಿರುವ ಸಭೆ, ಥೆಸಲೊನೀಕದವರ ಸಭೆ, ಗಲಾತ್ಯದ ಸಭೆಗಳು, ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿ ಕೂಡುವ ಸಭೆ. ಕೆಲವು ಕಡೆ ದೇವರ ಸಭೆ, ಒಂದು ಕಡೆ ಕ್ರಿಸ್ತನ ಸಭೆಗಳು. ಊರು ಬಿಟ್ಟರೆ ಒಡೆಯನು. ನಡುವೆ ಇನ್ನೇನೂ ಇಲ್ಲ. ಆದರೂ ಗುಂಪು ಕಟ್ಟುವ ಚಾಳಿ ಆಗಲೇ ಇದ್ದಿತು. ಕೊರಿಂಥದಲ್ಲಿ ಕೆಲವರು ತಾವು ಪೌಲನವರೆಂದೂ, ಕೆಲವರು ಅಪೊಲ್ಲೋಸನವರೆಂದೂ, ಕೆಲವರು ಕೇಫನವರೆಂದೂ ಹೇಳಿಕೊಂಡು ಜಗಳವಾಡಿದರು. ನಾಲ್ಕನೆಯದೊಂದು ಗುಂಪೂ ಇದ್ದಿತು: ತಾವು ಕ್ರಿಸ್ತನವರು ಎಂದು ಹೇಳಿಕೊಳ್ಳುವ ಗುಂಪು. ಪೌಲನು ಅವರನ್ನೂ ಆ ಜಗಳದ ಪಟ್ಟಿಯಲ್ಲಿಯೇ ಸೇರಿಸಿರುವನು. ಉಪದೇಶಿಗಳಲ್ಲಿ ಅನೇಕರು ಈ ನಾಲ್ಕನೆಯವರ ಮೇಲೆ ನಿಲ್ಲದೆ ಮುಂದಕ್ಕೆ ಹೋಗಿಬಿಡುವರು. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಕೀಲು ಅಲ್ಲಿರುವುದು.

ಆಮೇಲೆ ಬಂದ ಹೆಸರುಗಳ ಕಥೆಯನ್ನು ಬೇಗನೆ ಮುಗಿಸುವೆನು, ಏಕೆಂದರೆ ಅದು ಬಹುಮಟ್ಟಿಗೆ ಒಂದೇ ಕಥೆ. ೧೫೨೨ರಲ್ಲಿ ಲೂಥರನು, ಹುಳುಗಳಿಗೆ ಆಹಾರವಾಗತಕ್ಕ ನನ್ನ ಹೆಸರಿನಿಂದ ನಿಮ್ಮನ್ನು ಕರೆದುಕೊಳ್ಳಬೇಡಿರೆಂದು ಬೇಡಿಕೊಂಡನು. ಲೂಥರನವರೆಂಬ ಹೆಸರೇ ನಿಂತಿತು. ೧೫೨೯ರಲ್ಲಿ ಸ್ಪೈಯರ್ ಪಟ್ಟಣದ ಮಹಾಸಭೆಯಲ್ಲಿ ಕೆಲವರು ಅರಸರೂ ನಗರಗಳೂ ಸಲ್ಲಿಸಿದ ಪ್ರತಿಭಟನೆಯೊಂದರಿಂದ ಪ್ರಾಟೆಸ್ಟಂಟರಿಗೆ ಹೆಸರಾಯಿತು. ೧೬೫೦ರಲ್ಲಿ ಜಾರ್ಜ್ ಫಾಕ್ಸನು ದೇವರ ಮಾತಿಗೆ ನಡುಗಿರಿ ಎಂದದ್ದಕ್ಕೆ ಡಾರ್ಬಿಯ ನ್ಯಾಯಾಧಿಪತಿಯು ಕೊಟ್ಟ 'ನಡುಗುವವರು' ಎಂಬ ಹೆಸರು, ತಮ್ಮನ್ನು ಮಿತ್ರರೆಂದು ಕರೆದುಕೊಂಡ ಜನಕ್ಕೆ ಅಂಟಿಕೊಂಡಿತು. ವೆಸ್ಲಿ ಸಹೋದರರ ಕ್ರಮದ ಜೀವನವನ್ನು ಕಂಡು ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ನಕ್ಕು ಇಟ್ಟ ಹೆಸರು ಮೆಥೊಡಿಸ್ಟ್. ಇವೆಲ್ಲ ಅಂತಿಯೋಕ್ಯದ ಹಾಗೆಯೇ ಹೊರಗಿನವರ ಕೊಡುಗೆ. ಇದಕ್ಕೆ ತಿರುಗುಮುರುಗಾದ ಒಂದು ಪ್ರಸಂಗ ಜೆಸುಯಿಟರದು. ೧೫೪೦ರಲ್ಲಿ ಸ್ಥಾಪಿತವಾದ ತಮ್ಮ ಸಂಘಕ್ಕೆ ಅವರು ಯೇಸುವಿನ ಹೆಸರನ್ನೇ ಇಟ್ಟುಕೊಂಡರು. ಎಲ್ಲರಿಗೂ ಸೇರಿದ ಹೆಸರನ್ನು ಒಂದು ಸಂಘವು ತನ್ನದಾಗಿ ಮಾಡಿಕೊಳ್ಳಬಹುದೆ ಎಂಬ ಆಕ್ಷೇಪಣೆ ಕಥೋಲಿಕರಲ್ಲಿಯೇ ಹುಟ್ಟಿತು. ಪೋಪ್ ಐದನೆಯ ಸಿಕ್ಸ್ತಸನು ಅದನ್ನು ಬದಲಾಯಿಸಹೊರಟು ೧೫೯೦ರಲ್ಲಿ ತೀರಿಕೊಂಡನು. ಹೆಸರು ಉಳಿಯಿತು.

ಈ ಆಕ್ಷೇಪಣೆಯ ನಿಜವಾದ ಪರೀಕ್ಷೆ ನಡೆದದ್ದು ಅಮೆರಿಕದಲ್ಲಿ. ೧೮೦೪ರಲ್ಲಿ ಕೆಂಟಕಿ ಪ್ರಾಂತದ ಕೆಲವರು ಪ್ರೆಸ್ಬಿಟೀರಿಯನ್ ಬೋಧಕರು ತಮ್ಮ ಮಂಡಲಿಗೆ ಒಂದು ಮರಣಶಾಸನವನ್ನು ಬರೆದರು. ನಮ್ಮ ಈ ಮಂಡಲಿ ಸಾಯಲಿ, ಕ್ರಿಸ್ತನ ದೇಹವಾದ ಮಹಾಸಭೆಯಲ್ಲಿ ಲೀನವಾಗಲಿ ಎಂಬುದು ಅದರ ತಾತ್ಪರ್ಯ. ಅವರಲ್ಲಿ ಬಾರ್ಟನ್ ಸ್ಟೋನನು ಮುಖ್ಯನು. ಕ್ರೈಸ್ತರೆಂಬ ಹೆಸರೊಂದೇ ಸಾಕೆಂದು ಅವರು ಗೊತ್ತುಮಾಡಿಕೊಂಡರು. ೧೮೦೯ರಲ್ಲಿ ಪೆನ್ಸಿಲ್ವೇನಿಯದಲ್ಲಿ ತಾಮಸ್ ಕ್ಯಾಂಪ್‌ಬೆಲ್ಲನೂ ಇದೇ ಅಭಿಪ್ರಾಯದಿಂದ ಐಕ್ಯದ ಪ್ರಕಟನೆಯನ್ನು ಹೊರಡಿಸಿದನು. ೧೮೩೨ರಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಈ ಎರಡು ಪ್ರವಾಹಗಳು ಕೈ ಕೈ ಹಿಡಿದು ಒಂದಾದವು. ಇಷ್ಟು ಉದಾತ್ತವಾದ ಆರಂಭ ಚರಿತ್ರೆಯಲ್ಲಿ ಅಪರೂಪ. ಆದರೆ ಕೂಡಿದವರಿಗೆ ಏನೆಂದು ಹೆಸರು? ಕ್ರೈಸ್ತರೆಂಬುದು ದೇವರೇ ಕೊಟ್ಟ ಹೆಸರು ಎಂದನು ಸ್ಟೋನನು. ತಾಮಸನ ಮಗ ಅಲೆಗ್ಜಾಂಡರ್ ಕ್ಯಾಂಪ್‌ಬೆಲ್ಲನು, ಶಿಷ್ಯರೆಂಬುದು ಅದಕ್ಕಿಂತ ಹಳೆಯದು, ವಿನಯವಾದದ್ದು ಎಂದನು. ಎರಡೂ ಹೆಸರು ಜೊತೆಜೊತೆಯಾಗಿ ನಡೆದವು. ಮುಂದೆ ಆರಾಧನೆಯಲ್ಲಿ ವಾದ್ಯ ಬಾರಿಸಬಹುದೆ, ಮಿಷನ್ ಸಂಘಗಳನ್ನು ಕಟ್ಟಬಹುದೆ ಎಂಬ ವಾದಗಳೆದ್ದು, ೧೯೦೬ರ ಸರಕಾರೀ ಧಾರ್ಮಿಕ ಗಣತಿಯಲ್ಲಿ 'ಕ್ರಿಸ್ತನ ಸಭೆಗಳು' ಎಂದು ಒಂದು ಲೆಕ್ಕವೂ 'ಕ್ರಿಸ್ತನ ಶಿಷ್ಯರು' ಎಂದು ಇನ್ನೊಂದು ಲೆಕ್ಕವೂ ಬಂದವು. ಕಾಲಕ್ರಮದಲ್ಲಿ ಮೂರನೆಯ ಗುಂಪೂ ಬೇರೆಯಾಯಿತು. ಶಿಷ್ಯರ ಗುಂಪು ೧೯೬೮ರಲ್ಲಿ ತನ್ನ ವ್ಯವಸ್ಥೆಯನ್ನು ತಿದ್ದಿಕೊಂಡಾಗ, 'ಕ್ರೈಸ್ತ ಸಭೆ' ಎಂದು ಬರೆದು ಪಕ್ಕದಲ್ಲಿ ಕಂಸದೊಳಗೆ 'ಕ್ರಿಸ್ತನ ಶಿಷ್ಯರು' ಎಂದು ಸೇರಿಸಿಕೊಂಡಿತು. ಸ್ಟೋನನೂ ಕ್ಯಾಂಪ್‌ಬೆಲ್ಲನೂ ಆ ಕಂಸದ ಎರಡು ಕಡೆಗಳಲ್ಲಿ ಇನ್ನೂ ವಾದಿಸುತ್ತ ನಿಂತಿರುವಂತೆ ನನಗೆ ಕಾಣುವುದು.

ಇದನ್ನು ಕೇಳಿ ನಗುವುದು ಸುಲಭ. ನಾನು ನಗಲಾರೆನು. ಪಕ್ಷದ ಹೆಸರುಗಳನ್ನು ಸುಡಹೊರಟವರಲ್ಲಿ ಕಪಟವಿರಲಿಲ್ಲ. ಅವರು ಎಡವಿದ್ದು ಕೊರಿಂಥದ ನಾಲ್ಕನೆಯವರು ಎಡವಿದ ಕಡೆಯಲ್ಲಿಯೇ. ಎಲ್ಲರ ಹೆಸರನ್ನು ನಾನೊಬ್ಬನೇ ಸರಿಯಾಗಿ ಹೊತ್ತಿರುವೆನೆಂದ ಕ್ಷಣದಲ್ಲಿ ಅದು ಎಲ್ಲರ ಹೆಸರಾಗಿ ಉಳಿಯದು.

ಇನ್ನು ನಮ್ಮ ದಕ್ಷಿಣದೇಶದ ಮಾತು. ಇಲ್ಲಿಯ ತೊಡಕು ಬೇರೆ ತರಹದ್ದು. ಮಲಬಾರಿನ ಪುರಾತನ ಕ್ರೈಸ್ತರಿಗೆ ನಸ್ರಾಣಿಗಳೆಂಬ ಹೆಸರಿದೆ. ತೆರ್ತುಲ್ಲನು ಬೈದ ಹೆಸರಿನ ಬಳಗದ ಮಾತೇ ಅಲ್ಲಿ ಕುಲೀನತೆಯ ಗುರುತಾಗಿರುವುದು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿನ ಪ್ರಾಟೆಸ್ಟಂಟರಿಗೆ ಬಂದ ಹೆಸರುಗಳನ್ನು ನೋಡಿರಿ. ೧೮೧೦ರಲ್ಲಿ ಜಾನ್ ಹ್ಯಾಂಡ್ಸನು ಬಳ್ಳಾರಿಗೆ ಬಂದನು. ಬಳ್ಳಾರಿಯ ಕ್ರೈಸ್ತನು 'ಲಂಡನ್ ಮಿಷನ್'ನವನಾದನು. ೧೮೩೪ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದ ಸಂಘದವರು ಮಂಗಳೂರಿಗೆ ಬಂದರು. ಅಲ್ಲಿಯ ನೇಕಾರನೂ ಹೆಂಚಿನ ಕಾರ್ಖಾನೆಯ ಕೂಲಿಯವನೂ 'ಬಾಸೆಲ್ ಮಿಷನ್'ನವರಾದರು. ಮೈಸೂರಿನಲ್ಲಿ 'ವೆಸ್ಲಿಯನ್' ಎಂದರು. ಇಂಗ್ಲೆಂಡಿನ ಸಭೆಗೆ ಸೇರಿದ ತಮಿಳು ರೈತರೂ ತೆಲುಗು ರೈತರೂ ಎಷ್ಟೋ ಮಂದಿ ಇದ್ದರು. ಥೇಮ್ಸ್ ನದಿಯನ್ನಾಗಲಿ ರೈನ್ ನದಿಯನ್ನಾಗಲಿ ಕನಸಿನಲ್ಲಿಯೂ ಕಾಣದವರು ಆ ದಡದ ಊರುಗಳ ಹೆಸರನ್ನು ಹೊತ್ತು, ಆ ಊರುಗಳ ಹಳೆಯ ಜಗಳಗಳನ್ನೂ ಪಿತ್ರಾರ್ಜಿತವಾಗಿ ಪಡೆದರು. ಮಧ್ವಾಚಾರ್ಯರ ಅನುಯಾಯಿಗಳನ್ನು ನಾವು ಮಾಧ್ವರೆಂದರೂ ಅವರು ತಮ್ಮ ಮತವನ್ನು ತತ್ತ್ವವಾದವೆನ್ನುವರು. ಗುರುವಿನ ಹೆಸರೋ ತತ್ತ್ವದ ಹೆಸರೋ ಎಂಬ ವಾದವಾದರೂ ಮನೆಯೊಳಗಿನದು. ಅಂಚೆಯ ಮುದ್ರೆ ಬಿದ್ದ ಹೆಸರನ್ನು ಹೊರುವ ಪ್ರಸಂಗ ಅವರಿಗೆ ಬರಲಿಲ್ಲ.

ಈ ಹೆಸರುಗಳು ಭಾರವೆಂಬುದನ್ನು ಮೊದಲು ಗಟ್ಟಿಯಾಗಿ ಹೇಳಿದವರು ನಮ್ಮವರೇ. ೧೯೦೮ರಲ್ಲಿ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೀರಿಯನ್ ಸಭೆಗಳು ಕೂಡಿ ದಕ್ಷಿಣ ಭಾರತದ ಐಕ್ಯಸಭೆಯಾಗಿದ್ದವು. ೧೯೧೯ರ ಮೇ ತಿಂಗಳಲ್ಲಿ ಆ ಸಭೆಯವರೂ ಆಂಗ್ಲಿಕನರೂ, ಬಹುಪಾಲು ಭಾರತೀಯರೇ, ತರಂಗಂಬಾಡಿಯಲ್ಲಿ ಕೂಡಿದರು. ಸ್ಥಳವೂ ಅರ್ಥವತ್ತಾದದ್ದು: ೧೭೦೬ರಲ್ಲಿ ಸೀಗೆನ್‌ಬಾಲ್ಗನು ಬಂದಿಳಿದು ಪ್ರಾಟೆಸ್ಟಂಟ್ ಮಿಷನ್ನನ್ನು ಆರಂಭಿಸಿದ್ದು ಅಲ್ಲಿಯೇ. ಈ ಭೇದಗಳಿಗೆ ನಾವು ಹೊಣೆಯಲ್ಲ, ಇವು ಹೊರಗಿನಿಂದ ನಮ್ಮ ಮೇಲೆ ಬಂದು ಬಿದ್ದವು ಎಂಬ ಅರ್ಥದ ಪ್ರಕಟನೆಯನ್ನು ಅವರು ಹೊರಡಿಸಿದರು. ಅವರಲ್ಲಿ ಅಗ್ರಗಣ್ಯರು ದೋರ್ನಕಲ್ಲಿನ ಬಿಷಪ್ ಅಜರಯ್ಯನವರು. ೧೯೧೨ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾದವರು. ಮಾತುಕತೆಗಳು ಇಪ್ಪತ್ತೆಂಟು ವರ್ಷ ನಡೆದವು. ಅಜರಯ್ಯನವರು ೧೯೪೫ರ ಹೊಸ ವರ್ಷದ ದಿನ ಕಾಲವಾದರು. ೧೯೪೭ರ ಸೆಪ್ಟೆಂಬರ್ ೨೭ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದ ಆರು ವಾರಗಳಿಗೆ, ಮದರಾಸಿನ ಸಂತ ಜಾರ್ಜರ ಕೆಥೀಡ್ರಲಿನಲ್ಲಿ ಆಂಗ್ಲಿಕನರೂ ಮೆಥೊಡಿಸ್ಟರೂ ಐಕ್ಯಸಭೆಯವರೂ ಒಂದಾದರು. ಇಟ್ಟುಕೊಂಡ ಹೆಸರು ದಕ್ಷಿಣ ಭಾರತದ ಸಭೆ. ಅದರಲ್ಲಿ ಸ್ಥಾಪಕನಿಲ್ಲ, ಸಿದ್ಧಾಂತವಿಲ್ಲ, ಸಮುದ್ರದಾಚೆಯ ಪಟ್ಟಣವಿಲ್ಲ. ಕೊರಿಂಥ, ಗಲಾತ್ಯಗಳ ಪದ್ಧತಿಗೆ ಇಷ್ಟು ಸಮೀಪ ಬಂದ ಹೆಸರು ಆ ಹಿಂದಣ ನಾನೂರು ವರ್ಷಗಳಲ್ಲಿ ಬಹಳ ಇಲ್ಲ. ೧೯೭೦ರಲ್ಲಿ ನಾಗಪುರದಲ್ಲಿ ಉತ್ತರ ಭಾರತದ ಸಭೆಯೂ ಇದೇ ಪದ್ಧತಿಯಲ್ಲಿ ಹೆಸರು ಪಡೆಯಿತು.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ನಂದ್ಯಾಲದ ಆಂಗ್ಲಿಕನರಲ್ಲಿ ಅನೇಕರು ಬಹುಕಾಲ ಹೊರಗೇ ಉಳಿದರು. ಕಥೋಲಿಕರೂ ಸಿರಿಯನ್ ಸಭೆಗಳೂ ಬ್ಯಾಪ್ಟಿಸ್ಟರೂ ಲೂಥರನ್ನರೂ ತಮ್ಮ ತಮ್ಮ ಹೆಸರುಗಳಲ್ಲಿಯೇ ಇರುವರು. ಒಂದೇ ನಾಡಿನಲ್ಲಿ ಇಷ್ಟು ಸಭೆಗಳಿರುವಾಗ ಒಂದು ಮಾತ್ರ ನಾಡಿನ ಹೆಸರನ್ನು ಹೊರಬಹುದೆ ಎಂದು ಅವರು ಕೇಳಿದರೆ ಅದು ಜೆಸುಯಿಟರಿಗೆ ಹಾಕಿದ ಪ್ರಶ್ನೆಯೇ. ಮೇಲಾಗಿ, ಆ ಉದ್ದವಾದ ಹೆಸರು ಜನರ ಬಾಯಲ್ಲಿ ಮೂರು ಇಂಗ್ಲಿಷ್ ಅಕ್ಷರಗಳಾಗಿ, 'ನಾವು ಸಿ. ಎಸ್. ಐ.ನವರು' ಎಂದಾಗಿದೆ. ಊರನ್ನು ತೋರಿಸಬೇಕಾಗಿದ್ದ ಹೆಸರು ಪುನಃ ಪಂಗಡವನ್ನು ತೋರಿಸತೊಡಗಿತು. ಇಷ್ಟಾದರೂ ನನ್ನ ಒಲವು ಆ ಪದ್ಧತಿಯ ಕಡೆಗೇ. ಗುರುವಿನ ಹೆಸರು, ವ್ರತದ ಹೆಸರು, ವಾದದ ಹೆಸರು ಇವುಗಳಲ್ಲಿ ನೆರೆಯವನನ್ನು ಹೊರಗಿಡುವ ಒಂದು ಬಾಗಿಲು ಇದ್ದೇ ಇರುವುದು. ಊರಿನ ಹೆಸರಿಗೆ ಆ ಬಾಗಿಲನ್ನು ಮುಚ್ಚುವ ಶಕ್ತಿ ಕಡಿಮೆ. ಊರಿಗೆ ಬಂದು ನೆಲಸಿದವನು ಊರಿನವನೇ. ವ್ಯಕ್ತಿಗೆ ಅಂತಿಯೋಕ್ಯದ ಹೆಸರು, ಸಭೆಗೆ ಊರಿನ ಹೆಸರು, ಇಷ್ಟರಲ್ಲಿ ಎರಡನೆಯ ಕಲಮನ್ನು ದಾಟಬಹುದೆಂದು ನನಗೆ ತೋರುವುದು.

ಇದು ನನಗೆ ಪುಸ್ತಕಗಳನ್ನು ತಿರುವಿಹಾಕಿದ ಮೇಲೆ ಹೊಳೆದದ್ದು. ಆ ಹುಡುಗನಿಗೆ ಅಂದೇ ಹೊಳೆದಿದ್ದಿತು. ಏನನ್ನಾದರೂ ಬರೆ ಎಂದೆನಷ್ಟೆ? ಆತನು ಸ್ವಲ್ಪ ಹೊತ್ತು ಲೇಖನಿಯನ್ನು ಕಚ್ಚಿಕೊಂಡು ನಿಂತಿದ್ದು, 'ಪಂಗಡ' ಎಂಬುದರ ಎದುರಿಗೆ ತನ್ನ ಹಳ್ಳಿಯ ಹೆಸರನ್ನು ಬರೆದು, ಅದರ ಮುಂದೆ 'ಸಭೆ' ಎಂದು ಸೇರಿಸಿದನು. ನಾನು ರುಜು ಹಾಕಿ ಕಳುಹಿಸಿದೆನು. ಸಾಯಂಕಾಲ ಅರ್ಜಿಗಳ ಕಟ್ಟನ್ನು ತಿರುಗಿಸುವಾಗ ನೋಡಿದರೆ, ಗುಮಾಸ್ತರು ಆ ಎರಡು ಶಬ್ದಗಳ ಮೇಲೆ ಕೆಂಪು ಮಸಿಯಿಂದ ಗೀಟು ಹಾಕಿ, ಪಕ್ಕದಲ್ಲಿ ದುಂಡಾದ ಅಕ್ಷರದಲ್ಲಿ 'ಇತರ' ಎಂದು ಬರೆದಿದ್ದರು.